ಸನ್ಯಾಸಿ ಏಡಿಯ ಗೃಹಪ್ರವೇಶ

ಒಬ್ಬರು ಕಟ್ಟಿ ಬಿಟ್ಟುಹೋದ ಮನೆಯಲ್ಲಿ ಇನ್ನೊಬ್ಬರು ಸಂಸಾರ ಹೂಡುವ ಪದ್ಧತಿ ಹೊಸಪೇಟೆ–ಹಂಪಿ ಸೀಮೆಗೆ ಹೊಸದೇನಲ್ಲ. ವಿರೂಪಾಕ್ಷ ದೇಗುಲದ ಎದುರಿನ ಬೀದಿಯಲ್ಲಿ ವಿಜಯನಗರ ಕಾಲದ ಕಲ್ಲುಮಂಟಪಗಳಿಗೆ ಗೋಡೆ ಎತ್ತಿ, ಬಾಗಿಲು ಕೂಡಿಸಿ, ಮುಂದೆ ಅಂಗಡಿಯನ್ನೂ ಹಿಂದೆ ಒಲೆಯನ್ನೂ ಹೂಡಿದ್ದ ಕುಟುಂಬಗಳು 2011ರ ತೆರವಿನವರೆಗೆ ಅಲ್ಲಿಯೇ ಬಾಳಿದ್ದವು. ಆದುದರಿಂದ ಸತ್ತ ಜೀವಿಯ ಖಾಲಿ ಚಿಪ್ಪಿನಲ್ಲಿ ಬಿಡಾರ ಹೂಡುವ ಸನ್ಯಾಸಿ ಏಡಿಯು ಈ ಸೀಮೆಗೆ ಬಂದರೆ, ತತ್ತ್ವದ ಮಟ್ಟಿಗೆ ಅದನ್ನು ಪರಕೀಯವೆನ್ನಲಾಗದು. ತಕರಾರು ಇರುವುದು ಇಲ್ಲಿನ ಹವೆಯದು.

ಈ ಪ್ರಾಣಿಯ ತಲೆ ಮತ್ತು ಎದೆಗೆ ಗಟ್ಟಿ ಕವಚವಿದ್ದರೂ ಹೊಟ್ಟೆಯ ಭಾಗ ಮೆತ್ತಗೆ, ಬೋಳಾಗಿ, ಒಂದು ಕಡೆಗೆ ಸುರುಳಿಯಾಗಿರುತ್ತದೆ. ಆ ಭಾಗವನ್ನು ಮುಚ್ಚಿಕೊಳ್ಳಲೆಂದೇ ಅದು ಖಾಲಿ ಚಿಪ್ಪೊಂದನ್ನು ಹುಡುಕಿ, ಬಾಲದ ತುದಿಯ ಕೊಕ್ಕೆಯಂಥ ಉಪಾಂಗಗಳಿಂದ ಚಿಪ್ಪಿನ ನಡುಗಂಬವನ್ನು ಹಿಡಿದು, ಮನೆಯನ್ನು ಎಳೆದುಕೊಂಡೇ ತಿರುಗುತ್ತದೆ. ಕಂಪ್ಲಿಯ ಭತ್ತದ ಗದ್ದೆಯ ಏಡಿಗೆ ಈ ಪರಾವಲಂಬನೆ ತಿಳಿಯದು; ಅದು ಬದುವಿನಲ್ಲಿ ತಾನೇ ಬಿಲ ತೋಡಿ, ಕಟ್ಟಿದ ನೀರನ್ನು ರಾತ್ರೋರಾತ್ರಿ ಪಕ್ಕದವನ ಗದ್ದೆಗೆ ಸಾಗಿಸಿ, ಇಬ್ಬರು ರೈತರ ನಡುವೆ ಮಾತು ಬಿಡಿಸುವಷ್ಟು ಸ್ವಾವಲಂಬಿ.

ಸನ್ಯಾಸಿ ಏಡಿಗಳಲ್ಲಿ ಎರಡು ಬಗೆಯುಂಟು. ಅಂಕೋಲಾ, ಕಾರವಾರದ ದಂಡೆಯ ಬಂಡೆಗುಂಡಿಗಳಲ್ಲಿ ಸಾಮಾನ್ಯವಾಗಿ ಕಾಣುವವು ಸಮುದ್ರದ ನೀರಿನಲ್ಲಿ ಬಾಳುವ ಜಾತಿಯವು. ಸಾಕುವುದಕ್ಕೆಂದು ಜಗತ್ತಿನ ಪೇಟೆಗಳಲ್ಲಿ ಮಾರುವವು ಬಹುಮಟ್ಟಿಗೆ ‘ಸೀನೋಬಿಟಾ’ ಕುಲದ ನೆಲದ ಏಡಿಗಳು, ನಮ್ಮ ದೇಶದಲ್ಲಿ ಅಂಡಮಾನ್, ಲಕ್ಷದ್ವೀಪಗಳ ಕಡೆಯವು. ಒಂದು ಕಾಲಕ್ಕೆ ಸಂಡೂರಿನ ಅದಿರು ಹೊತ್ತ ಲಾರಿಗಳು ಸಾಲುಗಟ್ಟಿ ಬೇಲೆಕೇರಿ ಬಂದರಿಗೆ ಇಳಿದ ದಾರಿಯಲ್ಲೇ, ರಜೆಗೆ ಹೋದ ಮಕ್ಕಳು ಕಡಲ ಏಡಿಯೊಂದನ್ನು ನೀರಿನ ಬಾಟಲಿಯಲ್ಲಿ ತುಂಬಿಕೊಂಡು ಮರಳುವುದುಂಟು. ಆ ಬಾಟಲಿಯ ಆಮ್ಲಜನಕ ಮುಗಿಯುವುದು ಹುಬ್ಬಳ್ಳಿಯ ಬೈಪಾಸಿನಲ್ಲೋ ಗದಗಿನ ಚಹಾದಂಗಡಿಯ ಮುಂದೋ ಎಂಬುದಷ್ಟೇ ವಿದ್ವಾಂಸರ ಚರ್ಚೆಗೆ ಉಳಿಯುವ ವಿಷಯ.

ನೆಲದ ಏಡಿಯೂ ಉಸಿರಾಡುವುದು ಮಾರ್ಪಟ್ಟ ಕಿವಿರುಗಳಿಂದಲೇ, ಮತ್ತು ಕಿವಿರು ಒದ್ದೆಯಾಗಿದ್ದರೆ ಮಾತ್ರ ಕೆಲಸ ಮಾಡುತ್ತದೆ. ಆದ್ದರಿಂದ ಅದರ ಮನೆಯ ಸಾಪೇಕ್ಷ ಆರ್ದ್ರತೆ, ಅಂದರೆ ಗಾಳಿ ಹಿಡಿದಿಡಬಲ್ಲ ತೇವದಲ್ಲಿ ನಿಜಕ್ಕೂ ಇರುವ ಪಾಲು, ಶೇ 80ರ ಆಸುಪಾಸಿನಲ್ಲಿಯೂ, ಉಷ್ಣಾಂಶ 24ರಿಂದ 29 ಡಿಗ್ರಿ ಸೆಲ್ಸಿಯಸ್‌ನಲ್ಲಿಯೂ ನಿಲ್ಲಬೇಕು. ಬೇಸಿಗೆಯಲ್ಲಿ 40 ಡಿಗ್ರಿ ಮುಟ್ಟುವ, ಮಾಳಿಗೆಯ ಮೇಲೆ ಹರವಿದ ಸಂಡಿಗೆ ಸಂಜೆಯೊಳಗೆ ಗರಿಗರಿಯಾಗುವ ಊರಿನಲ್ಲಿ ಇದು ಸಣ್ಣ ಬೇಡಿಕೆಯಲ್ಲ. ತಂತಿಜಾಲರಿಯ ಪಂಜರವೆಂಬುದು ಹೊಸಪೇಟೆಯ ಮಟ್ಟಿಗೆ ಏಡಿಯನ್ನು ಒಣಮೀನಾಗಿಸುವ ಉಪಕರಣವೇ ಸರಿ. ಗಾಜಿನ ತೊಟ್ಟಿ, ಅದಕ್ಕೆ ಗಾಜಿನದೇ ಮುಚ್ಚಳ, ಗಾಳಿಯಾಡಲು ಒಂದಿಷ್ಟು ಸಂದು, ಒಳಗೊಂದು ಆರ್ದ್ರತಾಮಾಪಕ, ಇವಿಷ್ಟು ಬೇಕೇ ಬೇಕು. ಮನೆಮಂದಿಗೆ ಅಂಟಂಟೆನಿಸುವ ಏರ್ ಕೂಲರಿನ ಗಾಳಿ ಈ ಅತಿಥಿಗೆ ಹಿತವೆಂಬುದು ಪ್ರಕೃತಿಯ ವಿನೋದ.

ತೊಟ್ಟಿಯ ತಳದಲ್ಲಿ ಐದು ಪಾಲು ಮರಳಿಗೆ ಒಂದು ಪಾಲು ತೆಂಗಿನ ನಾರಿನ ಪುಡಿ ಬೆರೆಸಿ, ಮುಷ್ಟಿಯಲ್ಲಿ ಹಿಸುಕಿದರೆ ಉಂಡೆ ನಿಲ್ಲುವಷ್ಟು ಒದ್ದೆ ಮಾಡಿ, ಕನಿಷ್ಠ 15 ಸೆಂಟಿಮೀಟರ್ ದಪ್ಪಕ್ಕೆ ಹಾಕಬೇಕು. ಮನೆ ಕಟ್ಟಿಸಿ ಉಳಿದ ಎಂ-ಸ್ಯಾಂಡ್ ಕಾಳುಗಳು ಮೊನಚು. ತುಂಗಭದ್ರೆಯ ಮರಳಿಗೆ ಪರ್ಮಿಟ್ಟಿನ ಪ್ರಶ್ನೆಯುಂಟು. ಹೀಗೆ ಅಂಗೈಯಗಲದ ಪ್ರಾಣಿಗೂ ಇಲ್ಲಿ ಮನೆ ಕಟ್ಟುವಾಗ ಮರಳಿನ ಚಿಂತೆ ತಪ್ಪುವುದಿಲ್ಲ. ದಪ್ಪ ಇಷ್ಟೇಕೆಂದರೆ, ಏಡಿಯು ಬೆಳೆಯಲು ಹಳೆಯ ಕವಚವನ್ನು ಕಳಚಬೇಕು. ಈ ಪೊರೆಬಿಡುವ ಕ್ರಿಯೆಗಾಗಿ ಅದು ಮರಳಿನಾಳದಲ್ಲಿ ಗುಹೆ ಮಾಡಿಕೊಂಡು ವಾರಗಟ್ಟಲೆ, ದೊಡ್ಡದಾದರೆ ತಿಂಗಳುಗಟ್ಟಲೆ, ಅಡಗಿರುತ್ತದೆ, ಮತ್ತು ಕಳಚಿದ ಕವಚವನ್ನು ತಾನೇ ತಿಂದು ಸುಣ್ಣದಂಶವನ್ನು ಮರಳಿ ಪಡೆಯುತ್ತದೆ. ಇಂಥ ಹೊತ್ತಿನಲ್ಲಿ ‘ಸತ್ತು ಹೋಗೈತಿ ಬಿಡವ್ವ, ಹೊರಗ ಒಗಿ’ ಎಂದು ತೀರ್ಪು ಕೊಡುವ ಹಿರಿಯರೊಬ್ಬರು ಪ್ರತಿ ಮನೆಯಲ್ಲೂ ಇರುತ್ತಾರೆ. ನಿಜಕ್ಕೂ ಸತ್ತ ಏಡಿ ಕೊಳೆತ ಮೀನಿನ ನಾತದಿಂದ ತಾನಾಗಿಯೇ ಸುದ್ದಿ ಮುಟ್ಟಿಸುತ್ತದೆ. ನಾತವಿಲ್ಲದ ಮೇಲೆ ಮರಳನ್ನು ಕೆದಕಕೂಡದು.

ನೀರಿನ ಬಟ್ಟಲು ಎರಡಿರಬೇಕು, ಒಂದು ಸಿಹಿನೀರಿಗೆ, ಒಂದು ಉಪ್ಪುನೀರಿಗೆ. ನಲ್ಲಿಯ ನೀರಿನಿಂದ ಕ್ಲೋರಿನ್ ತೆಗೆಯಬೇಕು; ಉಪ್ಪು ಅಡುಗೆಮನೆಯದಲ್ಲ, ಸಮುದ್ರಮೀನು ಸಾಕುವವರಿಗೆಂದು ಅಂಗಡಿಗಳಲ್ಲಿ ಸಿಗುವ ಲವಣಮಿಶ್ರಣ. ಆರೋಗ್ಯಕ್ಕೆ ಒಳ್ಳೆಯದೆಂದು ಅಜ್ಜಿ ರಾತ್ರಿಯಿಡೀ ತಾಮ್ರದ ತಂಬಿಗೆಯಲ್ಲಿಟ್ಟ ನೀರನ್ನು ಪ್ರೀತಿಯಿಂದಲೇ ಈ ಬಟ್ಟಲಿಗೆ ಸುರಿಯುವ ಸಂಭವವಿದೆ. ತಾಮ್ರವು ಏಡಿ-ಸಿಗಡಿಗಳ ಕುಲಕ್ಕೆ ವಿಷ. ಸೊಳ್ಳೆಬತ್ತಿಯ ಹೊಗೆಯೂ ಅಪಾಯವೇ, ಏಕೆಂದರೆ ಕೀಟಗಳಿಗೆಂದು ಮಾಡಿದ ಮದ್ದು ಅವುಗಳ ದೂರದ ನೆಂಟನಾದ ಏಡಿಯನ್ನು ಬೇರೆಯೆಂದು ಗುರುತಿಸದು. ಆಹಾರದಲ್ಲಿ ತಗಾದೆಯಿಲ್ಲ: ತೆಂಗು, ಬಾಳೆಹಣ್ಣು, ಮೀನಿನ ತುಣುಕು, ಪುಡಿಮಾಡಿದ ಮೊಟ್ಟೆಯ ಓಡು. ಮಂಡಕ್ಕಿ-ಮಿರ್ಚಿ ಮಾತ್ರ ಮನೆಯವರಿಗೇ ಮೀಸಲಿರಲಿ.

ಚಿಪ್ಪಿನ ವಿಷಯ ಬೇರೆಯೇ ಇದೆ. ಬೆಳೆದ ಏಡಿಗೆ ಹಳೆಯ ಮನೆ ಬಿಗಿಯಾಗುವುದರಿಂದ ಪ್ರತಿಯೊಂದಕ್ಕೂ ಮೂರ್ನಾಲ್ಕು ಖಾಲಿ ಚಿಪ್ಪುಗಳನ್ನು, ಬಣ್ಣ ಬಳಿಯದವನ್ನು, ಆಯ್ಕೆಗೆ ಇಡಬೇಕು. ದೇವರಮನೆಯ ಶಂಖ ಅಳತೆಗೆ ಹೊಂದದು. ದಂಡೆಯಿಂದ ಆರಿಸಿ ತರೋಣವೆಂದರೆ ಹಲವು ಚಿಪ್ಪುಜೀವಿಗಳು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪಟ್ಟಿಯಲ್ಲಿವೆ. ದಂಡೆಯಲ್ಲಿ ದೊಡ್ಡ ಚಿಪ್ಪೊಂದು ಸಿಕ್ಕಾಗ ಏಡಿಗಳು ಗಾತ್ರಾನುಸಾರ ಸಾಲುಗಟ್ಟಿ, ಮೊದಲನೆಯದು ಹೊಸ ಮನೆಗೆ ಹೋದೊಡನೆ ಹಿಂದಿನವೆಲ್ಲ ಒಂದೊಂದು ಮನೆ ಮೇಲಕ್ಕೆ ಸರಿಯುತ್ತವೆ. 2021ರಲ್ಲಿ ವಿಜಯನಗರ ಜಿಲ್ಲೆಯಾಗಿ ಹೊಸಪೇಟೆ ಅದರ ಕೇಂದ್ರವಾದ ಮೇಲೆ ವರ್ಗವಾಗಿ ಬಂದು ಮನೆ ಹುಡುಕಿದ ನೌಕರರಿಗೆ ಈ ಸಾಲು ಸುಲಭವಾಗಿ ಅರ್ಥವಾದೀತು. ವ್ಯತ್ಯಾಸವೆಂದರೆ ಏಡಿಗಳಲ್ಲಿ ಅಡ್ವಾನ್ಸ್ ಕೇಳುವ ಮಾಲೀಕನಿಲ್ಲ.

ಇಷ್ಟೆಲ್ಲ ಒದಗಿಸಿದರೂ ಈ ಏಡಿಯ ಮರಿಗಳು ಸಮುದ್ರದಲ್ಲೇ ಬೆಳೆಯಬೇಕಾದ್ದರಿಂದ ಸಾಕಿದಲ್ಲಿ ಸಂತಾನವಾಗುವುದು ತೀರ ಅಪರೂಪ. ಮಾರಾಟಕ್ಕೆ ಬರುವವು ಬಹುತೇಕ ದಂಡೆಯಿಂದ ಹಿಡಿದು ತಂದವೇ. ಆದಕಾರಣ ಏಡಿ ಈಗಾಗಲೇ ಮನೆಗೆ ಬಂದಿದ್ದರೆ ಮೇಲಿನ ಸೌಕರ್ಯಗಳಲ್ಲಿ ಜಿಪುಣತನ ತೋರಬಾರದು. ಬಂದಿಲ್ಲದಿದ್ದರೆ ರಜೆಯಲ್ಲಿ ಅಂಕೋಲೆಗೆ ಹೋಗಿ, ಇಳಿತದ ಹೊತ್ತಿಗೆ ಬಂಡೆಗುಂಡಿಯ ಪಕ್ಕ ಕುಳಿತು ಕಣ್ತುಂಬ ನೋಡಿ ಬರುವುದು ಮೇಲು. ದಂಡೆಯ ಖಾಲಿ ಚಿಪ್ಪುಗಳನ್ನೂ ದಯವಿಟ್ಟು ಅಲ್ಲಿಯೇ ಬಿಡಬೇಕು. ಅವುಗಳಿಗೆ ಬಾಡಿಗೆದಾರರು ಆಗಲೇ ಸರದಿಯಲ್ಲಿ ನಿಂತಿರುತ್ತಾರೆ.