ಮಳೆಗಾಲದ ವ್ಯಕ್ತಿತ್ವ ವಿಕಸನ

ವ್ಯಕ್ತಿತ್ವ ವಿಕಸನಕ್ಕೆ ಬೆಂಗಳೂರಿನಲ್ಲಿ ಶಿಬಿರಗಳಿವೆ. ಶುಲ್ಕ ಕಟ್ಟಿದರೆ ಮಧ್ಯಾಹ್ನದ ಊಟವೂ ಉಂಟು. ಹೊಸನಗರ ತಾಲ್ಲೂಕಿನ ಕಾಡೊಳಗಿನ ಒಂಟಿಮನೆಯಲ್ಲಿ, ಸೋದರತ್ತೆಯ ಆಶ್ರಯದಲ್ಲಿ, ಇಡೀ ಮಳೆಗಾಲ ಕಳೆದ ನನಗೆ ಅದು ಪುಕ್ಕಟೆ ಸಿಕ್ಕಿತು. ಶುಲ್ಕವನ್ನು ರಕ್ತ ಹೀರುವ ಉಂಬಳಗಳು ವಸೂಲು ಮಾಡಿದವು.

"ಎಂತಕ್ಕೆ ಕುಣಿತೀಯ ಮಾರಾಯ? ಹೊಟ್ಟೆ ತುಂಬಿದ ಮೇಲೆ ಅದೇ ಬಿದ್ದು ಹೋಗ್ತದೆ" ಎಂದು ಅತ್ತೆ ಸುಣ್ಣದ ಡಬ್ಬಿ ತಳ್ಳಿದರು. ನಿಜ. ಹೊಟ್ಟೆ ತುಂಬಿದೊಡನೆ ಎದ್ದು ಹೋಗುವ ನೆಂಟರನ್ನು ನಾನು ಪೇಟೆಯಲ್ಲಿ ಕಂಡಿಲ್ಲ.

ಆರಿದ್ರಾ ಮಳೆಗೆ ಹೋದ ಕರೆಂಟು ಪುನರ್ವಸು ಹಿಡಿದರೂ ಬರಲಿಲ್ಲ. ನೆಟ್‌ವರ್ಕ್ ಗುಡ್ಡದ ನೆತ್ತಿಯ ಬಂಡೆಯೊಂದರ ಮೇಲೆ ಮಾತ್ರ ವಾಸವಾಗಿತ್ತು. ಏರು ಹತ್ತಿ ಮುಗಿಸುವಷ್ಟರಲ್ಲಿ ಹೇಳಬೇಕೆಂದಿದ್ದ ಮಾತಿನ ಖಾರ ಇಳಿದು, ಏದುಸಿರು ಮಾತ್ರ ಉಳಿದಿರುತ್ತಿತ್ತು. ನನ್ನ ಕೋಪ ಕಡಿಮೆಯಾಗಿದೆ ಎಂದು ಮಿತ್ರರು ಹೊಗಳಿದರು. ಅಬ್ಬಿ ನೀರಿನ ಪೈಪಿಗೆ ತರಗೆಲೆ ಸಿಕ್ಕಿಕೊಂಡರೆ ಬೈಯಲು ಅಲ್ಲಿ ಕಚೇರಿಯಿಲ್ಲ. ಕಂಬಳಿಕೊಪ್ಪೆ ಹೊದ್ದು ನಾವೇ ಹೋಗಿ ತೆಗೆಯಬೇಕು.

ಮಳೆಯ ಬಗ್ಗೆ ಗೊಣಗುವುದಂತೂ ಅಲ್ಲಿ ಊರದ್ರೋಹ. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿ.ಮೀ. ದಾಟುತ್ತದೆಂದು ತೀರ್ಥಹಳ್ಳಿಯ ನೆಂಟರು ಬೀಗಿದರೆ, "ನಮ್ಮ ಹುಲಿಕಲ್ಲಿಗೆ ಬಂದು ನೋಡಿ" ಎಂದು ಮಾವ ಜಗಲಿಯಲ್ಲೇ ಕಾದಾಡುತ್ತಿದ್ದರು. ಸಾಗರದ ಕಡೆಯವರು ಜೋಗ ತಮ್ಮದೆಂಬ ಧೈರ್ಯದಲ್ಲಿ ಸುಮ್ಮನೆ ಕವಳ ಹಾಕುತ್ತಿದ್ದರು.

ಕೊನೆಯ ಪಾಠ ಕಾಳಿಂಗ ಸರ್ಪದ್ದು. ಅದರ ನೆಲೆಯೆಂದೇ ಉರಗತಜ್ಞ ರೊಮುಲಸ್ ವಿಟೇಕರ್ 2005ರಲ್ಲಿ ಆಗುಂಬೆಯಲ್ಲಿ ಮಳೆಕಾಡು ಸಂಶೋಧನಾ ಕೇಂದ್ರ ತೆರೆದರು. ಹೆಣ್ಣು ಕಾಳಿಂಗ ತರಗೆಲೆ ಒಟ್ಟಿ ಗೂಡು ಕಟ್ಟುತ್ತದೆ, ಮೊಟ್ಟೆ ಕಾಯುತ್ತದೆ, ಮರಿ ಹೊರಬರುವ ಮುನ್ನ ಜಾಗ ಖಾಲಿ ಮಾಡುತ್ತದೆ. ಮಕ್ಕಳ ಮೇಲೆ ತನ್ನನ್ನು ಹೇರದಿರುವ ಈ ವಿವೇಕ ನಮ್ಮ ಪೋಷಕರಿಗಿಲ್ಲ. ತೋಟದ ದಾರಿಗೆ ಕಾಳಿಂಗ ಅಡ್ಡ ಬಂದಾಗ ಮಾವ ಕೈಮುಗಿದು ನಿಂತರು. ನಾನೂ ನಿಂತೆ, ಭಕ್ತಿಯಿಂದಲ್ಲ, ಕಾಲು ಏಳದೆ. ದಾರಿ ಬಿಡುವ ಆ ವಿದ್ಯೆ ಬೆಂಗಳೂರಿನ ಸಿಗ್ನಲ್‌ಗಳಲ್ಲಿ ಇಂದಿಗೂ ಉಪಯೋಗಕ್ಕೆ ಬರುತ್ತಿದೆ.

ಕಾಡಿನಲ್ಲಿದ್ದವರೆಲ್ಲ ಕುವೆಂಪು ಆಗುವುದಿಲ್ಲ. ಕುಪ್ಪಳಿಯಲ್ಲಿ ಬೇರೆಯವರೂ ಇದ್ದರು. ಅತ್ತೆ ಮದುವೆಯಾದಾಗಿನಿಂದ ಎಲ್ಲ ಮಳೆಗಾಲವನ್ನೂ ಅಲ್ಲೇ ಕಳೆದವರು. ಅವರ ವ್ಯಕ್ತಿತ್ವ ವಿಕಸನದ ಬಗ್ಗೆ ಯಾರೂ ಲೇಖನ ಬರೆದಿಲ್ಲ. ಒಂದೇ ಮಳೆಗಾಲಕ್ಕೆ ನಾನು ಬರೆಯುತ್ತಿದ್ದೇನೆ. ನೀವೂ ಹೋಗುವುದಾದರೆ ಆಷಾಢದಲ್ಲಿ ಹೋಗಿ, ಒಣ ಟವೆಲಿನ ಆಸೆ ಬಿಟ್ಟು ಹೋಗಿ. ಅಲ್ಲಿಯವರಿಗೆ ಬದುಕುವುದನ್ನು ಕಲಿಸಲು ಮಾತ್ರ ಹೋಗಬೇಡಿ.