ಹಸಿರು ಜ್ಯಾಕಿನ ರಾಯರು

ಮರದ ಶಟರ್‌ ಇರುವ ಕಪ್ಪು-ಬಿಳುಪು ಟಿವಿಯನ್ನು ಗುಜರಿಯವನಿಗೆ ಕೊಡಲೊಪ್ಪದೆ, ಅದಕ್ಕೆ ಇಂದಿನ ಪ್ಲೇಯರ್‌ ಜೋಡಿಸಿ ಸಿನಿಮಾ ನೋಡುವ, ನೋಡುವುದಕ್ಕಿಂತ ಹೆಚ್ಚಾಗಿ ಬಂದವರಿಗೆಲ್ಲ ತೋರಿಸುವ ಗೃಹಸ್ಥರ ಪ್ರಭೇದವೊಂದು ನಮ್ಮ ಬಡಾವಣೆಗಳಲ್ಲಿ ಉಂಟು; ವಿವೇಚನೆಯ ಅನುಕೂಲಕ್ಕಾಗಿ ಈ ಪ್ರಭೇದವನ್ನು ‘ರಾಯರು’ ಎನ್ನಬಹುದು. ರಾಯರು ಮೃದುಭಾಷಿಗಳು, ಸಾಲಗೀಲ ಮಾಡದವರು, ನೆರೆಮನೆಯ ಮಿಕ್ಸಿ ಕೆಟ್ಟರೆ ಕರೆಯುವ ಮೊದಲೇ ಸ್ಕ್ರೂಡ್ರೈವರ್‌ ಹಿಡಿದು ಹೊರಡುವವರು. ಅವರನ್ನು ಸಹಿಸುವುದು ಕಷ್ಟವಾಗುವುದು ಚುಕ್ಕಿಯ ವಿಷಯ ಬಂದಾಗ ಮಾತ್ರ.

ಭಾರತದಲ್ಲಿ 1982ರಲ್ಲಿ ಆರಂಭವಾದ ಬಣ್ಣದ ಪ್ರಸಾರವು ಅನುಸರಿಸಿದ ಪಾಲ್‌ ಪದ್ಧತಿಯಲ್ಲಿ, ಬೆಳಕು-ನೆರಳಿನ ವಿವರವನ್ನು ಒಯ್ಯುವ ಸಂಕೇತದೊಳಗೇ ಸುಮಾರು 4.43 ಮೆಗಾಹರ್ಟ್ಸ್‌ನ ಉಪವಾಹಕ ತರಂಗವೊಂದು ಬಣ್ಣವನ್ನು ಹೊತ್ತು ಸಾಗುತ್ತದೆ. ಪ್ಲೇಯರಿನ ಹಳದಿ ಜ್ಯಾಕಿನಿಂದ ಹೊರಡುವುದು ಇವೆರಡೂ ಬೆರೆತ ಕಾಂಪೊಸಿಟ್‌ ಸಂಕೇತ. ಬಣ್ಣದ ಟಿವಿ ಇವನ್ನು ಬೇರ್ಪಡಿಸಿಕೊಳ್ಳುತ್ತದೆ; ಬಣ್ಣದ ಗೊಡವೆಯೇ ಇಲ್ಲದ ಹಳೆಯ ಸೆಟ್ಟು ಎಲ್ಲವನ್ನೂ ಬೆಳಕೆಂದೇ ನಂಬಿ ನಾಯಕಿಯ ಸೀರೆಯ ಮೇಲೆ ನವಿರಾದ ಚುಕ್ಕಿಗಳನ್ನು ಹರಡುತ್ತದೆ.

ರಾಯರ ಚಿಕಿತ್ಸೆ ಶಾಸ್ತ್ರಸಮ್ಮತವೆಂದು ಒಪ್ಪಲೇಬೇಕು. ಡಿವಿಡಿ ಪ್ಲೇಯರುಗಳ ಹಿಂದಿರುವ ಮೂರು ಕಾಂಪೊನೆಂಟ್‌ ಜ್ಯಾಕುಗಳಲ್ಲಿ ಹಸಿರಿನದು ಬೆಳಕಿನ ವಿವರವನ್ನೂ, ಚಿತ್ರವನ್ನು ಸ್ಥಿರವಾಗಿಡುವ ಸಿಂಕ್‌ ಮಿಡಿತಗಳನ್ನೂ ಮಾತ್ರ ಕೊಡುವುದರಿಂದ, ಅವರು ಪ್ರೊಗ್ರೆಸಿವ್‌ ಸ್ಕ್ಯಾನ್‌ ಆಫ್‌ ಮಾಡಿ, ಆ ಜ್ಯಾಕಿನ ವೈರನ್ನು ಮಾಡ್ಯುಲೇಟರಿಗೆ, ಎಂದರೆ ಚಿತ್ರವನ್ನು ಟಿವಿ ಚಾನೆಲಿನ ತರಂಗಕ್ಕೆ ಏರಿಸುವ ಡಬ್ಬಿಗೆ, ಸಿಕ್ಕಿಸಿ, ಅಲ್ಲಿಂದ ಆಂಟೆನಾ ತಂತಿಗೆ ಜೋಡಿಸುತ್ತಾರೆ. ಟಿವಿಯ ಒಳಗಿನ ಬೋರ್ಡಿಗೆ ನೇರವಾಗಿ ವೈರು ಬೆಸೆಯುವವರನ್ನು ಅವರು ಗದರುತ್ತಾರೆ. ಹಳೆಯ ಹಲವು ಸೆಟ್ಟುಗಳ ಚಾಸಿಗೆ ಮನೆಯ ಕರೆಂಟು ನೇರವಾಗಿ ತಗುಲಿರುವುದರಿಂದ ಈ ಗದರಿಕೆ ನ್ಯಾಯವಾದದ್ದೇ.

ನ್ಯಾಯವಲ್ಲದ್ದು ಪ್ರಾತ್ಯಕ್ಷಿಕೆ. ಕಾಫಿಗೆಂದು ಕರೆಸಿಕೊಂಡ ಅತಿಥಿಯ ಎದುರು 1971ರ ‘ಕಸ್ತೂರಿ ನಿವಾಸ’ದ ಒಂದೇ ದೃಶ್ಯವನ್ನು ಮೊದಲು ಹಳದಿಯಲ್ಲಿ, ಬಳಿಕ ಹಸಿರಿನಲ್ಲಿ, ಸಂಶಯ ಉಳಿಯದಿರಲೆಂದು ಮತ್ತೆ ಹಳದಿಯಲ್ಲಿ ಹಾಕಿ, “ಈಗ ಹೇಳಿ ಸ್ವಾಮಿ, ರಾಜಕುಮಾರ್‌ ಕೆನ್ನೆ ಮೇಲೆ ಏನಾದ್ರೂ ಹರಿದಾಡ್ತಿದೆಯಾ?” ಎಂದು ಕೇಳಲಾಗುತ್ತದೆ. ಆ ಚಿತ್ರ ಮೂಲತಃ ಕಪ್ಪು-ಬಿಳುಪಿನದೇ. ಆದರೆ ರಾಯರು ಹಾಕುವುದು 2014ರಲ್ಲಿ ಬಣ್ಣ ತುಂಬಿ ಬಿಡುಗಡೆ ಮಾಡಿದ ಆವೃತ್ತಿಯನ್ನು, ಏಕೆಂದರೆ ಮೂಲದಲ್ಲಿ ಬಣ್ಣವಿಲ್ಲದ ಕಾರಣ ಚುಕ್ಕಿಯೂ ಇಲ್ಲ, ಚುಕ್ಕಿಯಿಲ್ಲದಿದ್ದರೆ ವಾಸಿಮಾಡಲು ರೋಗವೂ ಇಲ್ಲ. ಯಾರೋ ಶ್ರಮಪಟ್ಟು ತುಂಬಿದ ಬಣ್ಣವನ್ನು ಅಷ್ಟೇ ಶ್ರಮದಿಂದ ತೆಗೆಯುವ ಈ ವಿಧಿಯಲ್ಲಿ, ಪ್ರಸ್ತುತ ಲೇಖಕನಂಥ ದಪ್ಪ ಕನ್ನಡಕದವರು ಎರಡಕ್ಕೂ ವ್ಯತ್ಯಾಸ ಕಾಣದೆ, ಕಾಫಿ ಆರುತ್ತಿರುವುದನ್ನು ನೋಡಲಾರದೆ, “ಆಹಾ, ಸ್ವಚ್ಛ!” ಎಂದುಬಿಡುವುದೇ ರೂಢಿ.

1987ರ ಭಾನುವಾರದ ಬೆಳಗುಗಳಲ್ಲಿ ಇಂಥದೇ ಸೆಟ್ಟಿನ ಮುಂದೆ ಓಣಿಯ ಮಂದಿಯೆಲ್ಲ ಒತ್ತಿಕೊಂಡು ಕುಳಿತು ‘ರಾಮಾಯಣ’ ನೋಡಿದರು. ಆಗ ಬರುತ್ತಿದ್ದುದೂ ಬಣ್ಣದ ಪ್ರಸಾರವೇ ಆದ್ದರಿಂದ ಅಂದಿನ ಪರದೆಯಲ್ಲೂ ಚುಕ್ಕಿಗಳು ಇದ್ದಿರಲೇಬೇಕು. ಆದರೆ ಅವನ್ನು ಕಂಡವರಿಲ್ಲ, ರಾಯರೂ ಕಂಡಿರಲಿಲ್ಲ. ಈಗ ಕೋಣೆಯಲ್ಲಿ ಅವರೊಬ್ಬರೇ ಇರುವುದರಿಂದ ಪರದೆಯಲ್ಲಿರುವುದೆಲ್ಲ ಕಾಣುತ್ತದೆ. ಅತಿಥಿ ಚಪ್ಪಲಿ ಮೆಟ್ಟುವಷ್ಟರಲ್ಲಿ ಚಿತ್ರದ ಎಡ ಅಂಚು ತುಸು ಬಾಗಿರುವುದನ್ನು ಅವರು ಪತ್ತೆಮಾಡಿರುತ್ತಾರೆ, ಆ ಸಲುವಾಗಿ ಮುಂದಿನ ಭಾನುವಾರ ಮತ್ತೆ ಕಾಫಿಗೆ ಬರಬೇಕಾಗುತ್ತದೆ.