ಎ.ಸಿ. ಪಾದಯಾತ್ರೆ

(ಸೋಮವಾರ ಬೆಳಿಗ್ಗೆ. ಬೆಂಗಳೂರಿನ ಅಪಾರ್ಟ್‌ಮೆಂಟ್ ಗೇಟು. ವಾಚ್‌ಮನ್ ರಂಗಣ್ಣನ ಊರು ದಾಬಸ್‌ಪೇಟೆ ಕಡೆ. ಕಿಶೋರ್ ಕುಂಟುತ್ತ ಬರುತ್ತಾರೆ, ಕೊರಳಲ್ಲಿ ಮೆಡಲ್ಲು.)

ರಂಗಣ್ಣ: ಏನ್ ಸಾರ್, ಕಾಲು ಉಳುಕ್ತಾ?

ಕಿಶೋರ್: ಶಿವಗಂಗೆ ಪಾದಯಾತ್ರೆ ಕಣಯ್ಯ! ವಾಕಿಂಗ್ ಗ್ರೂಪ್ ಜೊತೆ.

ರಂಗಣ್ಣ: ಇಲ್ಲಿಂದ್ಲೇ ನಡೆದ್ರಾ? 50 ಕಿಲೋಮೀಟರ್ ಮೇಲೈತೆ!

ಕಿಶೋರ್: ಛೆ, ಬೆಟ್ಟದ ಬುಡದವರೆಗೂ ಎ.ಸಿ. ಬಸ್ಸು. ತಲೆಗೆ 2,000, ಮೆಡಲ್ ಸೇರಿ.

ರಂಗಣ್ಣ: ನಮ್ಮವ್ವ ಸಂಕ್ರಾಂತಿಗೆ ಬರಿಗಾಲಲ್ಲಿ ಹತ್ತೋಳು. ಪಾಪ, ಯಾರೂ ಮೆಡಲ್ಲೇ ಕೊಡ್ಲಿಲ್ಲ. ಒಳಕಲ್ಲು ತೀರ್ಥಕ್ಕೆ ಕೈ ಹಾಕಿದ್ರಾ? ನೀರು ಸಿಕ್ಕಿದ್ರೆ ಪುಣ್ಯವಂತರು ಅಂತಾರೆ.

ಕಿಶೋರ್: ಸಿಕ್ತು, ವಾಚು ನೆನೆದು ನಿಂತೇಹೋಯ್ತು. ಆಮೇಲೆ ಹತ್ತಿದ ಮೆಟ್ಟಿಲು ಲೆಕ್ಕಕ್ಕೇ ಬರಲಿಲ್ಲ!

ರಂಗಣ್ಣ: ಬಿಡಿ ಸಾರ್, ಚಿತ್ರಗುಪ್ತನ ಹತ್ರ ಬೇರೆ ವಾಚ್ ಇರ್ತೈತೆ.

ಕಿಶೋರ್: ರಾತ್ರಿ ಬೇಸ್‌ಮೆಂಟಲ್ಲಿ ಸುತ್ತು ಹಾಕಿ ಸರಿದೂಗಿಸಿದೆ.

ರಂಗಣ್ಣ: ಪ್ರದಕ್ಷಿಣೆ! ಗಂಗಾಧರೇಶ್ವರನಿಗೆ ಹಚ್ಚಿದ ತುಪ್ಪ ಬೆಣ್ಣೆ ಆಗ್ತೈತಂತಲ್ಲ, ನೋಡಿದ್ರಾ?

ಕಿಶೋರ್: ಕ್ಯೂ ಇತ್ತು. ಬಾಗಿಲಲ್ಲೇ ಫೋಟೊ ತೆಗೆಸ್ಕೊಂಡ್ವಿ. ದರ್ಶನಕ್ಕೆ ಬೇರೆ ಪ್ಯಾಕೇಜ್ ಇದೆಯಂತೆ, ಲೀಡರ್ ಹೇಳಿದ್ರು.

ರಂಗಣ್ಣ: ಶಿವ ತುಪ್ಪದಿಂದ ಬೆಣ್ಣೆ ತೆಗೀತಾನೆ, ನಿಮ್ಮ ಲೀಡರ್ರು ಬೆಣ್ಣೆ ಮಾತಿಂದ ತುಪ್ಪ ತೆಗೀತಾರೆ. ನಿಮ್ಮ ಮೂಗಿಗೂ ಒಂಚೂರು ಸವರಿದ್ರಲ್ಲ, ಧರ್ಮಾತ್ಮರು!

(ಕಿಶೋರ್ ಮೂಗು ಒರೆಸಿಕೊಳ್ಳುತ್ತಾರೆ. ಸುಮ್ಮನೆ, ಅಭ್ಯಾಸಬಲ.)

ಕಿಶೋರ್: ಸರಿ, ಲಿಫ್ಟ್ ಇದೆಯಾ?

ರಂಗಣ್ಣ: ಕೆಟ್ಟೈತೆ ಸಾರ್. ನಿಮ್ಮದು ಮೊದಲನೇ ಮಹಡಿ ತಾನೇ?

ಕಿಶೋರ್: ಕುರ್ಚಿ ಈ ಕಡೆ ಎಳಿ. ರಿಪೇರಿಯವನು ಬರೋವರೆಗೂ ಕೂತಿರ್ತೀನಿ.